ಕ್ಯಾತಪ್ಪ ಬರೆಯದ ಉತ್ತರ

ಮೊನ್ನೆ ನನ್ನ ಸೊಸೆ ಟ್ರಂಕಿನ ತಳದಲ್ಲಿದ್ದ ಹಳೆಯ ಕರಿಕಂಬಳಿಯನ್ನು ಬಿಸಿಲಿಗೆ ಹಾಕಿದ್ದಳು. ನಮ್ಮ ಸಿರಾದ ಬಿಸಿಲನ್ನು ನಂಬಿ ಏನನ್ನು ಬೇಕಾದರೂ ಅಂಗಳಕ್ಕೆ ಹಾಕಬಹುದು. ಅದು ಕೈಕೊಡುವುದು ವರ್ಷಕ್ಕೆ ನಾಲ್ಕೋ ಐದೋ ಸಲ. ಮೊನ್ನೆಯದು ಆ ನಾಲ್ಕೈದರಲ್ಲೊಂದು. ಊಟ ಮಾಡಿ ಎಲ್ಲರೂ ಅಡ್ಡಾಗಿದ್ದ ಹೊತ್ತಿನಲ್ಲಿ ಮಳೆ ಬಂದು, ಯಾರಾದರೂ ಎದ್ದು ಓಡುವಷ್ಟರಲ್ಲಿ ಕಂಬಳಿ ತೊಯ್ದು ತೊಪ್ಪೆಯಾಗಿತ್ತು. ತಂದು ನಡುಮನೆಯ ಹಗ್ಗಕ್ಕೆ ಹರವಿದರು. ಮನೆಯ ತುಂಬ ಒಂದೇ ವಾಸನೆ. ನೆನೆದ ಕಂಬಳಿಯ ವಾಸನೆ ನಿಮಗೆ ಗೊತ್ತಿದ್ದರೆ ನಾನು ವರ್ಣಿಸಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ವರ್ಣಿಸಿ ಪ್ರಯೋಜನವಿಲ್ಲ.

ಮೂಲೆಯಲ್ಲಿ ಬೀಜಗಣಿತದ ಲೆಕ್ಕ ಮಾಡುತ್ತ ಕೂತಿದ್ದ ಮೊಮ್ಮಗಳು ಮೂಗು ಹಿಡಿದುಕೊಂಡಳು. "ಥೂ! ಕುರಿಮಂದೇನೇ ಮನೆಯೊಳಗೆ ಬಂದ ಹಾಗಿದೆ. ಯಾರು ಕೊಟ್ಟಿದ್ದು ತಾತ, ಈ ಕಂಬಳಿ?"

"ನನ್ನ ಸ್ನೇಹಿತ ಕ್ಯಾತಪ್ಪ."

"ಯಾಕೆ ಕೊಟ್ಟರು?"

ಹುಡುಗಿ ಸುಮ್ಮನೆ ಕೇಳಿದ್ದು. ನಾನು ಕೆಮ್ಮಿದೆ, ಕನ್ನಡಕ ಒರೆಸಿಕೊಂಡೆ, ಕಾಫಿ ಆಯಿತೇನಮ್ಮ ಎಂದು ಅಡುಗೆಮನೆಯ ಕಡೆ ಕೂಗಿದೆ. ಮೂವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವನು ನಾನು. 'ಮಾಡಿದ್ದೆಲ್ಲ ಸರಿ, ಉತ್ತರ ಎಲ್ಲಯ್ಯಾ?' ಎಂದು ಎಷ್ಟು ಮಕ್ಕಳನ್ನು ಹುರಿದು ಮುಕ್ಕಿದ್ದೇನೋ ಲೆಕ್ಕವಿಲ್ಲ. ಈಗ ನೋಡಿ, ಒಂದು ಪುಟ್ಟ ಪ್ರಶ್ನೆಗೆ ಉತ್ತರ ಕೊಡಲಾಗದೆ ಕಾಫಿಯ ಹಿಂದೆ ಅವಿತುಕೊಂಡೆ. ಆ ಉತ್ತರ ಹೇಳಲೇಬೇಕಾದವರ ಮುಂದೆ ಹೇಳುವ ಮೊದಲು ನಿಮ್ಮ ಹತ್ತಿರ ಹೇಳಿ ರೂಢಿ ಮಾಡಿಕೊಳ್ಳುತ್ತೇನೆ. ನೀವು ಅಪರಿಚಿತರು, ನಿಮ್ಮ ಮುಂದೆ ನಾಚಿಕೆ ಸ್ವಲ್ಪ ಕಡಿಮೆ.

ಮಹಾರಾಜರ ಕಾಲ, ಅದರಲ್ಲೂ ಯುದ್ಧದ ಕಾಲ. ಆಗ ನಾನು ಮಧುಗಿರಿಯಲ್ಲಿ ಹೈಸ್ಕೂಲು ಓದುತ್ತಿದ್ದೆ. ಸೋದರತ್ತೆಯ ಮನೆಯಲ್ಲಿ ಊಟ, ಬೆಟ್ಟದ ಬುಡದ ಬಂಡೆಗಳ ಮೇಲೆ ಓದು. ಓದು ಎಂದರೆ ಪುಸ್ತಕ ತೆರೆದಿಟ್ಟುಕೊಂಡು ಬೆಟ್ಟವನ್ನು ನೋಡುವುದು. ಅಷ್ಟು ದೊಡ್ಡ ಬೆಟ್ಟ ಎದುರಿಗೆ ನಿಂತಿರುವಾಗ ತ್ರಿಭುಜದ ಮೂರು ಕೋನಗಳ ಮೊತ್ತ ಎಷ್ಟಾದರೆ ಯಾರಿಗೇನಾಗಬೇಕು ಎಂದು ನನಗೆ ಅನ್ನಿಸುತ್ತಿತ್ತು. ಈ ವೇದಾಂತದಿಂದಾಗಿ ಲೆಕ್ಕದಲ್ಲಿ ನನಗೆ ನೂರಕ್ಕೆ ಹದಿನೆಂಟು ಬರುತ್ತಿತ್ತು.

ಆಗಿನ ಲೆಕ್ಕದ ಪುಸ್ತಕಗಳಾದರೂ ಎಂಥವು ಅಂತೀರಿ! ಎರಡು ನಲ್ಲಿಗಳಿಂದ ತೊಟ್ಟಿ ತುಂಬುತ್ತದೆ, ಮೂರನೆಯದರಿಂದ ಖಾಲಿಯಾಗುತ್ತದೆ. ನಲ್ಲಿಯನ್ನೇ ನಾವು ಕಂಡಿರಲಿಲ್ಲ. ಎದುರುಬದುರಾಗಿ ಬರುವ ಎರಡು ರೈಲುಗಳು ಎಷ್ಟು ಹೊತ್ತಿಗೆ ಒಂದನ್ನೊಂದು ದಾಟುತ್ತವೆ? ನಮ್ಮೂರಿಗೆ ಬರುತ್ತಿದ್ದುದು ಇದ್ದಲ ಉರಿಸಿ ಓಡುವ ಒಂದೇ ಬಸ್ಸು. ಅದು ಏರಿನಲ್ಲಿ ನಿಂತರೆ ನಾವೇ ಇಳಿದು ತಳ್ಳಬೇಕು. ನಮಗೆ ಪರಿಚಯವಿದ್ದ ಪ್ರಾಣಿ ಬಂದದ್ದು ಒಂದೇ ಲೆಕ್ಕದಲ್ಲಿ. ಇಪ್ಪತ್ತೊಂದು ಅಡಿ ಹಗ್ಗದಿಂದ ಗೂಟಕ್ಕೆ ಕಟ್ಟಿದ ಮೇಕೆ ಎಷ್ಟು ಜಾಗದ ಹುಲ್ಲು ಮೇಯಬಲ್ಲದು? ಮೇಷ್ಟ್ರು ಬೋರ್ಡಿನ ಮೇಲೆ ವೃತ್ತ ಎಳೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಕೇಳಿಸಿತು.

"ಯಾರಯ್ಯಾ ಅದು? ಎದ್ದು ನಿಂತು ನಗು."

ಎದ್ದು ನಿಂತವನು ತೆಳ್ಳಗೆ, ಉದ್ದಕ್ಕೆ, ಅಂಗಿಗಿಂತ ತೋಳು ಉದ್ದವಿದ್ದ ಹುಡುಗ. "ಮೇಕೆ ಅಂಗೆ ದುಂಡುಕೆ ಮೇಯಾಕಿಲ್ಲ ಸಾ. ಗೂಟ ಕಿತ್ಕಂಡು ಹೊಂಟೋಯ್ತದೆ."

ಕ್ಲಾಸೆಲ್ಲ ಗೊಳ್ ಎಂದಿತು. ಮೇಷ್ಟ್ರು ಮಾತ್ರ ನಗಲಿಲ್ಲ. "ಗೂಟ ಗಟ್ಟಿಯಾಗಿದೆ ಅಂತ ಇಟ್ಕೋ" ಎಂದರು. "ಇಟ್ಕಂಡ್ರೆ ಸರಿ ಸಾ" ಎಂದು ಹುಡುಗ ಅಲ್ಲೇ ಬಾಯಲ್ಲಿ ಉತ್ತರ ಹೇಳಿ ಕೂತ. ಕ್ಯಾತಪ್ಪನನ್ನು ನಾನು ಗಮನಿಸಿದ್ದು ಆವತ್ತು. ಮರುದಿನದಿಂದಲೇ ಅವನ ಪಕ್ಕದ ಜಾಗ ಹಿಡಿದೆ. ಸ್ನೇಹ ಎಂದು ಆಗ ಹೇಳಿಕೊಂಡಿದ್ದೆ. ಹದಿನೆಂಟು ನಂಬರಿನವನ ಸ್ನೇಹ ಎಂಥದೆಂದು ನಿಮಗೆ ಬಿಡಿಸಿ ಹೇಳಬೇಕೆ?

ಅವನದು ಬುಕ್ಕಾಪಟ್ಟಣದ ಕುರುಚಲು ಕಾಡಿನ ಅಂಚಿನ ಒಂದು ಹಟ್ಟಿ. ಕುರಿ ಸಾಕುವ ಮನೆ. ತಂದೆ ಇರಲಿಲ್ಲ. ಮಂದೆಯನ್ನು ಸೋದರಮಾವ ಕಾಯುತ್ತಿದ್ದ, ಅದೂ ಒಂದು ಮಾತಿನ ಮೇಲೆ: ಹುಡುಗ ಪಬ್ಲಿಕ್ ಪರೀಕ್ಷೆ ಕಟ್ಟುವ ವರ್ಷದವರೆಗೆ ಮಾತ್ರ. ಪಾಸಾದರೆ ಸರಿ, ಇಲ್ಲದಿದ್ದರೆ ಕೋಲು ಹಿಡಿದು ಮಂದೆಯ ಹಿಂದೆ ಹೋಗಬೇಕು, ಇನ್ನೊಂದು ವರ್ಷ ಎಂಬ ಮಾತೇ ಇಲ್ಲ. ಕ್ಯಾತಪ್ಪನಿಗೆ ಇದ್ದದ್ದು ಒಂದೇ ಆಸೆ, ಮೇಷ್ಟ್ರಾಗುವುದು. ಬಂಡೆಯ ಮೇಲೆ ಬಳಪದಲ್ಲಿ ಬರೆದು ನನಗೆ ಹೇಳಿಕೊಡುವಾಗ ಅವನು ಆಗಲೇ ಮೇಷ್ಟ್ರಾಗಿರುತ್ತಿದ್ದ. "ಹೆಂಗೆ ಬಂತು ಹೇಳ್ಲಾ. ಬಂತು ಅನ್ನಬ್ಯಾಡ, ಹೆಂಗೆ ಬಂತು ಹೇಳು" ಎಂದು ಕಾಡುತ್ತಿದ್ದ. ಬೈಗುಳವಿಲ್ಲದೆ ಲೆಕ್ಕ ಕಲಿಯಬಹುದು ಎಂದು ನನಗೆ ಗೊತ್ತಾದದ್ದು ಅವನಿಂದ.

ಒಂದು ರಜೆಯಲ್ಲಿ ಅವನ ಹಟ್ಟಿಗೆ ಹೋಗಿದ್ದೆ. ಸಾಯಂಕಾಲ ಮಂದೆ ರೊಪ್ಪಕ್ಕೆ ಬರುತ್ತಿತ್ತು. ಬೇಲಿಯ ಸಂದಿಯಲ್ಲಿ ಒಂದೊಂದೇ ನುಗ್ಗುತ್ತಿದ್ದ ಕುರಿಗಳನ್ನು ನೋಡಿ ನನಗೆ ಹುರುಪು ಬಂದು, ಬೆರಳು ಚಾಚಿ ಗಟ್ಟಿಯಾಗಿ ಎಣಿಸತೊಡಗಿದೆ. ನಮ್ಮ ಅಪ್ಪನದು ಸಿರಾದಲ್ಲಿ ಕಡಲೆಕಾಯಿ ಮಂಡಿ. ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುವುದು ನಮ್ಮ ಮನೆಯ ಚಾಳಿ. ಇಪ್ಪತ್ತೇಳು, ಇಪ್ಪತ್ತೆಂಟು ಎನ್ನುವಷ್ಟರಲ್ಲಿ ಕ್ಯಾತಪ್ಪನ ಅವ್ವ ಓಡಿಬಂದು ನನ್ನ ಬಾಯಿಯ ಮೇಲೆ ಅಂಗೈ ಒತ್ತಿದರು.

"ಅಯ್ಯೋ ನಿನ್ ಬಾಯಿ ಸೇದೋಗ! ಎಣಿಸ್ಬ್ಯಾಡ ಕಣಪ್ಪ, ಎಣಿಸ್ಬ್ಯಾಡ!"

ಆ ಮನೆಯಲ್ಲಿ ಮಂದೆಯನ್ನು ಎಣಿಸುವಂತಿಲ್ಲ. ಎಣಿಸಿ ಬಾಯಿಬಿಟ್ಟು ಹೇಳಿದರೆ ಆ ಸಂಖ್ಯೆ ಅಲ್ಲಿಗೇ ನಿಂತು, ಮರುದಿನದಿಂದ ಇಳಿಯುತ್ತದೆಯಂತೆ. "ಮತ್ತೆ ಒಂದು ಕುರಿ ತಪ್ಪಿಸಿಕೊಂಡರೆ ಹೇಗೆ ಗೊತ್ತಾಗುತ್ತೆ ಅವ್ವ?" ಎಂದೆ. ಅವರು ರೊಪ್ಪದ ಮೇಲೆ ಒಂದು ಸಲ ಕಣ್ಣಾಡಿಸಿ, "ಮೋಟುಗಿವಿ ಬಂದಿಲ್ಲ. ಕ್ಯಾತ, ಓಗಿ ಹಳ್ಳದ ತಾವ ನೋಡ್ಲಾ" ಎಂದರು. ಅರ್ಧ ಗಂಟೆಗೆ ಕ್ಯಾತಪ್ಪ ಗಿಡ್ಡ ಕಿವಿಯ ಕುರಿಯೊಂದನ್ನು ಹೆಗಲ ಮೇಲೆ ಹೊತ್ತು ತಂದ. ನನ್ನ ಇಪ್ಪತ್ತೆಂಟಕ್ಕೆ ಮೋಟುಗಿವಿಯ ಸುದ್ದಿ ಗೊತ್ತಿರಲಿಲ್ಲ.

ಮರಳಿ ಬರುವಾಗ ದಾರಿಯಲ್ಲಿ ಅವನು, "ಕ್ಲಾಸಿನಾಗೆ ಇದ ಹೇಳ್ಬ್ಯಾಡ ಕಣ್ಲಾ. ಅವ್ವನ ಮಾತ್ನ ನಗಾಡ್ತಾರೆ" ಎಂದ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೀಜಗಣಿತ ಶುರುವಾದಾಗ ನಾವೆಲ್ಲ ಕಂಗಾಲು. ಇಷ್ಟು ದಿನ ನೆಟ್ಟಗೆ ಅಂಕಿಗಳಿದ್ದ ಕಡೆ ಇದ್ದಕ್ಕಿದ್ದಂತೆ ಅಕ್ಷರ ಬಂದು ಕೂತರೆ ಹೇಗೆ? 'ಎಕ್ಸ್ ಆಗಿರಲಿ' ಎಂದರು ಮೇಷ್ಟ್ರು. ಎಕ್ಸ್ ಎಂದರೆ ಎಷ್ಟು ಸಾರ್ ಎಂದು ನಾನು ಕೇಳಿ ಬೈಸಿಕೊಂಡೆ. ಕ್ಯಾತಪ್ಪನ ಮುಖ ಮಾತ್ರ ಮಂದೆ ರೊಪ್ಪ ಸೇರಿದ ಹೊತ್ತಿನ ಅವನ ಅವ್ವನ ಮುಖದಂತೆ ಅರಳಿತ್ತು. ಸಾಯಂಕಾಲ ಬಂಡೆಯ ಮೇಲೆ ಅವನು ಕುಣಿಯುವುದೊಂದು ಬಾಕಿ. "ನಮ್ಮವ್ವ ಮಾಡಾದೂ ಇದೇ ಲೆಕ್ಕ ಕಣ್ಲಾ! ಎಣಿಸ್ದಲೆ ಒಂದು ಹೆಸರು ಇಕ್ಕೋದು. ಇದ್ದದ್ದು ಇದ್ದಂಗೇ ಇರ್ತದೆ, ಕೂಡ್ಬೌದು, ಕಳೀಬೌದು, ಪಾಲು ಹಾಕ್ಬೌದು. ಯಾರ ಕಣ್ಣೂ ತಾಕಾಕಿಲ್ಲ!" ಬೀಜಗಣಿತಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಆಮೇಲೆ ಓದಿದ ಯಾವ ಪುಸ್ತಕದಲ್ಲೂ ಕಾಣಲಿಲ್ಲ. ಮೂವತ್ತು ವರ್ಷ ಪಾಠ ಹೇಳುವಾಗ ಇದನ್ನೇ ಹೇಳಿದೆ, ನನ್ನದೇ ಎಂಬಂತೆ.

ಆಗ ಶಾಲೆಯವರು ಆರಿಸಿ ಕಳಿಸಿದವರಿಗೆ ಮಾತ್ರ ಪಬ್ಲಿಕ್ ಪರೀಕ್ಷೆ. ಆರಿಸಲು ಶಾಲೆಯಲ್ಲೇ ಒಂದು ಪರೀಕ್ಷೆ. ಅದರ ಹಿಂದಿನ ವಾರ ಬುಕ್ಕಾಪಟ್ಟಣದಿಂದ ಬಂದವರು ಯಾರೋ ಕ್ಯಾತಪ್ಪನಿಗೆ ಸುದ್ದಿ ತಂದರು: ಮಂದೆಗೆ ಕಾಲುಬಾಯಿ ರೋಗ ಹತ್ತಿದೆ. ಅವನು ಊಟ ಬಿಟ್ಟ. ಆದರೂ ಬಂಡೆಯ ಮೇಲೆ ಕೂತು ನನಗೆ ಲೆಕ್ಕ ಹೇಳಿಕೊಡುವುದನ್ನು ಬಿಡಲಿಲ್ಲ.

ಪ್ರಶ್ನೆಪತ್ರಿಕೆಯ ಕೊನೆಯ ಲೆಕ್ಕ ನನಗೆ ಇವತ್ತಿಗೂ ಬಾಯಿಪಾಠ. ಒಬ್ಬ ಕುರಿಗಾಹಿ ತನ್ನ ಮಂದೆಯ ಮೂರನೇ ಒಂದು ಪಾಲನ್ನು ಅಣ್ಣನಿಗೂ ಕಾಲು ಪಾಲನ್ನು ತಮ್ಮನಿಗೂ ಕೊಟ್ಟನು, ಐವತ್ತು ಕುರಿಗಳು ಉಳಿದವು, ಮಂದೆಯಲ್ಲಿದ್ದ ಕುರಿಗಳೆಷ್ಟು? ನಾನು ಕ್ಯಾತಪ್ಪ ಕಲಿಸಿದಂತೆ ಎಕ್ಸ್ ಇಟ್ಟು, ಪಾಲು ಕಳೆದು, ಅಡ್ಡ ಗುಣಿಸಿ, ನೂರಿಪ್ಪತ್ತು ಎಂದು ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದೆ. ಹೊರಗೆ ಬಂದವನೇ ಕುಪ್ಪಳಿಸಿಕೊಂಡು ಅವನ ಹತ್ತಿರ ಓಡಿ, "ನೂರಿಪ್ಪತ್ತು ಬಂತಲ್ವೇನೋ?" ಎಂದೆ.

"ಬಾಯ್ ಮುಚ್ಲಾ!" ಎಂದ. ಅವನು ನನ್ನನ್ನು ಗದರಿದ್ದು ಅದೊಂದೇ ಸಲ. ಆಮೇಲೆ ಮೆಲ್ಲಗೆ ಹೇಳಿದ, "ನಾನು ಬರೀನಿಲ್ಲ. ಎಕ್ಸ್ ತಿಳೀತು ಅಂತ ಬರ್ದು ಬುಟ್ಟೆ."

"ಅಯ್ಯೋ ಹುಚ್ಚ, ಅದು ಪುಸ್ತಕದ ಕುರಿ ಕಣೋ! ನಿಮ್ಮ ಮಂದೆ ಅಲ್ಲ!"

"ಯಾವ ಮಂದೆ ಅಂತ ಅದ್ರಾಗೆ ಬರ್ದಿತ್ತಾ? ನಮ್ಮವು ಎಷ್ಟವೆ ಅಂತ ನಂಗೇ ಗೊತ್ತಿಲ್ಲ. ಅಷ್ಟೇ ಇದ್ದುಬುಟ್ರೆ? ಈಗ ಮೊದ್ಲೇ ಕಾಯ್ಲೆ ಬಿದ್ದವೆ." ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತ, "ಐವತ್ತು ಅಂತ ಎಣಿಸಿದ್ದು ಪ್ರಶ್ನೆ ಬರ್ದೋರ ಪಾಪ. ನಂದಲ್ಲ" ಎಂದ.

ಲೆಕ್ಕದ ದೃಷ್ಟಿಯಿಂದ ನೋಡಿದರೆ ಅವನ ವಾದದಲ್ಲಿ ನನಗೆ ಇವತ್ತಿಗೂ ತಪ್ಪು ಹುಡುಕಲಾಗಿಲ್ಲ.

ಉತ್ತರಪತ್ರಿಕೆ ಕೊಡುವ ದಿನ ಬಂತು. ಮೇಷ್ಟ್ರು ಎಲ್ಲಕ್ಕಿಂತ ಮೊದಲು ನನ್ನ ಪತ್ರಿಕೆಯನ್ನು ಎತ್ತಿ ಹಿಡಿದರು. "ನೋಡ್ರಯ್ಯಾ, ಕೊನೇ ಲೆಕ್ಕ ಬರೆದರೆ ಹೀಗೆ ಬರೀಬೇಕು. ಭೇಷ್!" ಹದಿನೆಂಟು ನಂಬರಿನವನಿಗೆ ಭೇಷ್! ನನ್ನ ಕಿವಿ ಬಿಸಿಯಾಯಿತು. ಆ ಹೊಗಳಿಕೆಯನ್ನು ಬಾಯಲ್ಲಿಟ್ಟುಕೊಂಡು ಬೆಲ್ಲದಂತೆ ಚೀಪುತ್ತ ಕೂತೆ. ಆಮೇಲೆ ಅವರು ಕ್ಯಾತಪ್ಪನ ಪತ್ರಿಕೆ ತೆಗೆದರು.

"ಏನಯ್ಯಾ ಇದು? 'ಇದರಿಂದ ಎಕ್ಸ್ ತಿಳಿಯಿತು.' ತಿಳಿದಿದ್ದನ್ನ ಬರೆಯೋಕೆ ಏನು ದಾಡಿ ನಿನಗೆ? ನನ್ನನ್ನೇ ಪರೀಕ್ಷೆ ಮಾಡ್ತಿದ್ದೀಯಾ?"

ಕ್ಯಾತಪ್ಪ ಮಾತಾಡಲಿಲ್ಲ. ಮೇಷ್ಟ್ರು ಕೆಟ್ಟವರಲ್ಲ. ಆದರೆ ಎಲ್ಲ ಬಲ್ಲ ಹುಡುಗ ಬೇಕೆಂದೇ ಉತ್ತರ ಬಿಟ್ಟಿದ್ದಾನೆ, ಇದು ಸೊಕ್ಕು ಎಂದು ಅವರ ತಲೆಗೆ ಹೊಕ್ಕುಬಿಟ್ಟಿತ್ತು. ಅವನ ಮೌನದಿಂದ ಸಿಟ್ಟು ನೆತ್ತಿಗೇರಿತು. "ಬಾ ಇಲ್ಲಿ. ಬೋರ್ಡಿನ ಮೇಲೆ ಎಲ್ಲರ ಮುಂದೆ ಉತ್ತರ ಬರಿ. ಬರೆದರೆ ನಿನ್ನ ಹೆಸರು ಪರೀಕ್ಷೆಗೆ ಕಳಿಸ್ತೀನಿ. ಇಲ್ಲದಿದ್ರೆ ಹೋಗಿ ಕುರಿ ಕಾಯಿ."

ಕ್ಯಾತಪ್ಪ ಹೋಗಿ ಸೀಮೆಸುಣ್ಣ ಹಿಡಿದ. ಸಾಲು ಸಾಲಾಗಿ, ಮುತ್ತು ಪೋಣಿಸಿದ ಹಾಗೆ ಬರೆದ. ಐದು ಎಕ್ಸ್ ಸಮ ಆರುನೂರು ಎನ್ನುವ ತನಕ ಬಂದ. ಇನ್ನೊಂದು ಸಾಲು. ಅವನ ಕೈ ಬೋರ್ಡಿಗೆ ಒರಗಿ ನಿಂತಿತು. ತಿರುಗಿ ನನ್ನ ಕಡೆ ಒಂದು ಸಲ ನೋಡಿದ.

ನಾನು ಎದ್ದು 'ಸಾರ್, ಅವರ ಮನೆಯಲ್ಲಿ ಮಂದೆ ಎಣಿಸುವುದಿಲ್ಲ, ಮಂದೆಗೆ ಕಾಯಿಲೆ ಬೇರೆ' ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಯಾಕೆ? ಮಾತು ಕೊಟ್ಟಿದ್ದೆನಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಗಳಿಗೆಯಲ್ಲಿ ಕೊಟ್ಟ ಮಾತು ನನ್ನ ನೆನಪಿಗೂ ಬರಲಿಲ್ಲ. ಬಾಯಿ ಬಿಟ್ಟರೆ ಇದೆಲ್ಲ ನಿನಗೆ ಹೇಗೆ ಗೊತ್ತು ಎನ್ನುತ್ತಾರೆ, ಅವನೇ ನನಗೆ ಹೇಳಿಕೊಟ್ಟದ್ದು ಹೊರಬೀಳುತ್ತದೆ, ನನ್ನ ಭೇಷ್ ಅವನ ಪಾಲಾಗುತ್ತದೆ. ಅಷ್ಟೇ. ಒಂದು ಗಂಟೆಯಾದರೂ ಅದು ಪೂರ್ತಿ ನನ್ನದಾಗಿರಲಿ ಎಂದು ಆಸೆಪಟ್ಟೆ. ತಲೆ ತಗ್ಗಿಸಿ ನನ್ನ ಪತ್ರಿಕೆಯ ಎರಡು ಗೆರೆಗಳನ್ನೇ ನೋಡುತ್ತ ಕೂತೆ. ಆ ಲೆಕ್ಕದಲ್ಲಿ ನನ್ನದು ಅಂತ ಇದ್ದದ್ದು ಆ ಗೆರೆಗಳು ಮಾತ್ರ.

ಕ್ಯಾತಪ್ಪ ಸೀಮೆಸುಣ್ಣವನ್ನು ಮೇಜಿನ ಮೇಲೆ ಇಟ್ಟ. ಕೈಯನ್ನು ಅಂಗಿಗೆ ಒರೆಸಿಕೊಂಡ. ಬೆಂಚಿನ ಮೇಲಿದ್ದ ಪುಸ್ತಕಗಳನ್ನೂ ತೆಗೆದುಕೊಳ್ಳದೆ ಹೊರಟುಹೋದ.

ಮೂರನೆಯ ದಿನ ಸಾಯಂಕಾಲ ಮೇಷ್ಟ್ರ ಮನೆಗೆ ಹೋಗಿ ಎಲ್ಲ ಹೇಳಿದೆ; ನನ್ನ ಆಸೆಬುರುಕತನ ಒಂದನ್ನು ಬಿಟ್ಟು. ಅವರು, "ಮೂರು ದಿನದಿಂದ ಬಾಯಲ್ಲಿ ಏನು ಕಡುಬು ತುರುಕಿಕೊಂಡಿದ್ದೆಯೇನೋ, ಮುಠ್ಠಾಳ!" ಎಂದರು. ಬೈದದ್ದು ನನ್ನನ್ನೇ ಆದರೂ ಮುಖ ನೋಡಿದರೆ ತಮ್ಮನ್ನೇ ಬೈದುಕೊಂಡಂತಿತ್ತು. ಅರ್ಜಿಗೆ ಹುಡುಗನದೇ ರುಜು ಬೇಕು, ಹೆಸರುಗಳ ಪಟ್ಟಿ ಕಳಿಸಲು ಎರಡೇ ದಿನ ಉಳಿದಿತ್ತು.

ಮರುದಿನ ಬೆಳಗ್ಗೆ ಇದ್ದಲ ಬಸ್ಸಿನಲ್ಲಿ ಸಿರಾಕ್ಕೆ, ಅಲ್ಲಿಂದ ಗಾಡಿಯಲ್ಲಿ ಬುಕ್ಕಾಪಟ್ಟಣದ ಕಡೆಗೆ ಹೋದೆವು. ಹಟ್ಟಿಯಲ್ಲಿ ರೊಪ್ಪ ಖಾಲಿಯಾಗಿತ್ತು. ರೋಗ ತಗ್ಗಿದ ಮಂದೆಯನ್ನು ಹೊಡೆದುಕೊಂಡು ಕ್ಯಾತಪ್ಪ ಹಿಂದಿನ ದಿನವೇ ಮಾವನ ಜೊತೆ ಪಾವಗಡದ ಕಡೆ ಮೇವಿಗೆ ಹೋಗಿದ್ದ. ಎಲ್ಲಿ ತಂಗುತ್ತಾರೆ, ಯಾವಾಗ ತಿರುಗುತ್ತಾರೆ, ಯಾರಿಗೂ ಗೊತ್ತಿಲ್ಲ. ಮೇಷ್ಟ್ರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ರೊಪ್ಪದ ಬೇಲಿಯ ಹತ್ತಿರ ನಿಂತರು. ಅವ್ವ ಬಂದು ಕೈಮುಗಿದರು.

"ನಮ್ ಕ್ಯಾತ ಓದ್ನಾಗೆ ಹೆಂಗಿದ್ದ ಸಾಮಿ?"

"ಅವನಷ್ಟು ಬುದ್ಧಿವಂತ ನಮ್ಮ ಶಾಲೆಯಲ್ಲಿ ಇನ್ನೊಬ್ಬ ಇಲ್ಲ ತಾಯಿ."

"ಮತ್ಯಾಕೆ ಕಳಿಸ್ಬುಟ್ರಿ?"

ಆ ತಾಯಿಯ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಮಗೆ ಎಷ್ಟೋ ಸುಲಭವಾಗುತ್ತಿತ್ತು. ಮೇಷ್ಟ್ರು ಅಲ್ಲೇ ಅವ್ವನ ಕಿವಿಗೆ ಬೀಳುವಂತೆ ತಪ್ಪು ತಮ್ಮದು ಎಂದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ, ಆಗಲೂ ಏನೂ ಹೇಳಲಿಲ್ಲ.

ಪಟ್ಟಿ ಹೋಯಿತು, ಅದರಲ್ಲಿ ನನ್ನ ಹೆಸರಿತ್ತು. ನಾನು ಪಾಸಾದೆ, ಲೆಕ್ಕದಲ್ಲಂತೂ ಎಲ್ಲರೂ ಮೂಗಿನ ಮೇಲೆ ಬೆರಳಿಡುವ ಹಾಗೆ. ಮುಂದೆ ಓದಿ ಲೆಕ್ಕದ ಮೇಷ್ಟ್ರಾದೆ. ಕ್ಯಾತಪ್ಪ ಆಗಬೇಕೆಂದಿದ್ದದ್ದನ್ನು ನಾನು ಆದೆ.

ಏಳೆಂಟು ವರ್ಷದ ಮೇಲೆ ಸಿರಾದ ಸಂತೆಯಲ್ಲಿ ಹಿಂದಿನಿಂದ ಯಾರೋ ಹೆಗಲು ಹಿಡಿದು ಅಲ್ಲಾಡಿಸಿದರು. ತಿರುಗಿದರೆ ಕ್ಯಾತಪ್ಪ! ಮೀಸೆ ಬಂದಿತ್ತು, ತಲೆಗೆ ಕೆಂಪು ಪೇಟ. ಮಂಡಕ್ಕಿ ಕಟ್ಟಿಸಿಕೊಂಡು ಹುಣಸೆಮರದ ಕೆಳಗೆ ಕೂತೆವು.

"ಮಂದೆ ಹೇಗಿದೆಯೋ?" ಎಂದೆ.

"ಅದೆ ಕಣಪ್ಪ, ಎಕ್ಸು" ಎಂದು ಕಣ್ಣು ಮಿಟುಕಿಸಿದ. "ಹೋದ್ವರ್ಸಕಿಂತ ಈ ಎಕ್ಸು ಒಸಿ ದೊಡ್ಡದು." ಇಬ್ಬರೂ ನಕ್ಕೆವು. ಆಮೇಲೆ ಅವನು ಮಂಡಕ್ಕಿಯನ್ನು ಬೆರಳಲ್ಲಿ ಆಡಿಸುತ್ತ ಹೇಳಿದ, "ಆರು ತಿಂಗ್ಳು ಪುಸ್ತಕ ಕಂಡ್ರೆ ಹೊಟ್ಟೆ ಉರೀತಿತ್ತು ಕಣ್ಲಾ. ಮೇಷ್ಟ್ರಾಗ್ಲಿಲ್ವಲ್ಲಾ ಅಂತ. ಆದ್ರೆ ಆ ವರ್ಸ ಮಂದೇಲಿ ಒಂದೂ ಸಾಯ್ನಿಲ್ಲ." ಲೆಕ್ಕದ ಮೇಷ್ಟ್ರಾದ ನಾನು ಮಂಡಕ್ಕಿಯ ಪೊಟ್ಟಣವನ್ನು ಅವನ ಕಡೆ ಸರಿಸಿದೆ.

ಹೊರಡುವಾಗ ಅವನು ಹೆಗಲ ಮೇಲಿದ್ದ ಹೊಸ ಕಂಬಳಿಯನ್ನು ತೆಗೆದು ನನಗೆ ಹೊದಿಸಿದ. ಅವನ ಅವ್ವ ನೂತ ಉಣ್ಣೆ. "ಬೇಡವೋ" ಎಂದೆ.

"ಮಡೀಕೊ. ಅವತ್ತು ನಾನು ನಿನ್ನ ಕಡೆ ನೋಡಿದ್ದು ಯಾಕ್ಗೊತ್ತಾ? ಎಲ್ಲಿ ಹೇಳ್ಬುಡ್ತೀಯೋ ಅಂತ ಜೀವ ಬಾಯಿಗೆ ಬಂದಿತ್ತು. ಅವ್ವನ ಮಾತು ಕ್ಲಾಸಿನಾಗೆ ನಗೆಪಾಟ್ಲಾಗಾದು. ನೀನು ತಲೆ ಬಗ್ಗಿಸ್ಕಂಡು ಕುಂತೆ. ಆಮ್ಯಾಕೆ ಮೇಷ್ಟ್ರಿಗೊಬ್ಬರ್ಗೇ ಹೇಳಿ ಹಟ್ಟಿಗಂಟ ಕರ್ಕಂಡು ಬಂದಂತೆ. ಅವ್ವ ಹೇಳ್ತು. ಕೊಟ್ಟ ಮಾತು ಉಳಿಸ್ಕಂಡ ಗೆಣೆಕಾರ ನೀನು ಕಣ್ಲಾ."

ಆಗಲಾದರೂ ಹೇಳಬಹುದಿತ್ತು. 'ಇಲ್ಲ ಕ್ಯಾತ, ನಾನು ನಿನಗಾಗಿ ತಲೆ ತಗ್ಗಿಸಲಿಲ್ಲ, ಒಂದು ಭೇಷ್‌ಗಾಗಿ ತಗ್ಗಿಸಿದೆ' ಎಂದು ಹೇಳಿ ಕಂಬಳಿ ವಾಪಸು ಕೊಡಬಹುದಿತ್ತು. ಕಂಬಳಿ ಬೆಚ್ಚಗಿತ್ತು. ಹೊದ್ದುಕೊಂಡು ಮನೆಗೆ ಬಂದೆ.

ಅದಾದ ಮೇಲೆ ನೂರಾರು ಸಲ ಈ ಕಥೆಯನ್ನು ಜನರಿಗೆ ಹೇಳಿದ್ದೇನೆ. ಕುರಿ ಎಣಿಸದ ಹುಡುಗನ ತಮಾಷೆಯ ಕಥೆ. ನಾನು ತಲೆ ತಗ್ಗಿಸಿದ ಜಾಗ ಬಂದಾಗಲೆಲ್ಲ ಪಕ್ಕಕ್ಕೆ ಹಾಯ್ದು ಮುಂದೆ ಹೋಗುತ್ತಿದ್ದೆ. ಕಂಬಳಿಯನ್ನು ಮಾತ್ರ ಮತ್ತೆ ಹೊದೆಯಲಾಗಲಿಲ್ಲ. ಟ್ರಂಕಿನ ತಳಕ್ಕೆ ಹೋಗಿದ್ದು ಅದಕ್ಕೇ.

ಮೊನ್ನೆ ಕಾಫಿ ಮುಗಿಸಿ, ಬೇರೆ ದಾರಿ ಕಾಣದೆ, ಮೊಮ್ಮಗಳಿಗೆ ಎಲ್ಲ ಹೇಳಿದೆ. ಯಾವ ಸಾಲನ್ನೂ ಬಿಡಲಿಲ್ಲ. ಅವಳು ಪೆನ್ಸಿಲು ಕಚ್ಚುತ್ತ ಕೇಳಿದಳು. ನಾನು ಕಾದಿದ್ದ ಪ್ರಶ್ನೆ ಬರಲಿಲ್ಲ, ಬೇರೆಯದೇ ಬಂತು.

"ಅವರು ಈಗ ಇದ್ದಾರಾ ತಾತ?"

"ಇದ್ದಾನಂತೆ. ಕಣ್ಣು ಸ್ವಲ್ಪ ಮಂಜಾಗಿದೆಯಂತೆ."

"ಬುಕ್ಕಾಪಟ್ಟಣಕ್ಕೆ ಬೆಳಗ್ಗೆ ಬಸ್ಸಿದೆಯಲ್ಲ?"

ಇದೆ. ನಮ್ಮ ಮನೆಯ ಮುಂದೆಯೇ ಹೋಗುತ್ತದೆ. ಇಷ್ಟು ವರ್ಷ ದಿನಾ ಅದರ ಹಾರನ್ ಕೇಳಿಯೇ ನಾನು ಏಳುತ್ತಿದ್ದೆ.

ನಾಳೆ ಭಾನುವಾರ. ಕಂಬಳಿ ಒಣಗಿದೆ, ಮಡಿಸಿ ಚೀಲದಲ್ಲಿ ಇಟ್ಟಿದ್ದೇನೆ. ಹೇಳಬೇಕಾದದ್ದನ್ನು ಹೇಳಿ ಅವನ ಮುಂದೆ ಇಡುತ್ತೇನೆ. ಮತ್ತೆ ಹೊದಿಸುತ್ತಾನೋ ಇಲ್ಲವೋ ಅವನಿಗೆ ಬಿಟ್ಟದ್ದು. ಹೆದರಿಕೆ ಇದೆ, ಇಲ್ಲ ಎನ್ನುವುದಿಲ್ಲ. ಮೊಮ್ಮಗಳೂ ಬರುತ್ತಾಳಂತೆ. ಬಾ ಎಂದಿದ್ದೇನೆ. ಹಟ್ಟಿಯಲ್ಲಿ ಏನು ಬೇಕಾದರೂ ಕೇಳು, ಆ ತಾತನ ಹತ್ತಿರ ನನ್ನ ಬಗ್ಗೆ ಏನು ಬೇಕಾದರೂ ಕೇಳು, ಆದರೆ ಕುರಿ ಎಷ್ಟಿವೆ ಅಂತ ಮಾತ್ರ ಕೇಳಬೇಡ ಎಂದು ಹೇಳಿದ್ದೇನೆ.